ಸೆಲ್ಲಾರ್‌ನಲ್ಲಿ ಮಲಗೋರಿಗೆ ಎರಡನೇ ದಾರಿ ಯಾವುದು? ಕಿಟಕಿ, ಕಿಟಕಿ ಗುಂಡಿ ಮತ್ತು ಅಳತೆ ಟೇಪು

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಕೆಲವು ಕಡೆ ಮಾತನ್ನು ಸ್ವಲ್ಪ ತಿದ್ದಲಾಗಿದೆ.)

ಈ ವಾರ ಒಂದು ಪತ್ರದಿಂದಲೇ ಶುರು ಮಾಡ್ತೀನಿ. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಕಡೆಯಿಂದ ಒಬ್ಬ ಹಿರಿಯರು ಬರೆದಿದ್ದಾರೆ. ಅಲ್ಲಿ ಕೈಗಾರಿಕಾ ಪ್ರದೇಶ ಬಂದ ಮೇಲೆ ಬಾಡಿಗೆ ಕೋಣೆಗಳಿಗೆ ಬೇಡಿಕೆ ಇದೆ. ಇವರಿಗೆ ರಸ್ತೆ ಪಕ್ಕದಲ್ಲೇ ಒಂದು ಸೈಟಿದೆ, ಆದರೆ ರಸ್ತೆಗಿಂತ ನಾಲ್ಕೈದು ಅಡಿ ತಗ್ಗು. ಮಣ್ಣು ತುಂಬಿಸೋಕೆ ಲೋಡುಗಟ್ಟಲೆ ಖರ್ಚು. ಮೇಸ್ತ್ರಿ ಹೇಳಿದರಂತೆ: "ಯಾಕ್ ಅಣ್ಣ ತುಂಬಿಸ್ತೀರ? ಹಂಗೇ ಸೆಲ್ಲಾರ್ ಎತ್ಬಿಡೋಣ. ಕೆಳಗೆ ಎರಡು ರೂಮ್ ಸಿಗುತ್ತೆ, ಬಾಡಿಗೆ ಬರುತ್ತೆ."

ಇವರಿಗೆ ಒಂದು ಅನುಮಾನ. ಹೋದ ವರ್ಷ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿನ ನೆಲಮಾಳಿಗೆ ಕೋಣೆಗೆ ಒಂದು ದೊಡ್ಡ ಕಿಟಕಿ, ಕಿಟಕಿ ಆಚೆ ನೆಲದಲ್ಲಿ ಒಂದು ಗುಂಡಿ, ಗುಂಡಿಗೆ ಒಂದು ಏಣಿ ನೋಡಿದರು. "ಇದೇನಮ್ಮ, ಬಾವಿ ತೋಡಿದಂಗೆ ತೋಡವ್ರೆ?" ಅಂದಾಗ ಮಗಳು, "ಅಪ್ಪ, ಬೆಂಕಿಗಿಂಕಿ ಬಿದ್ರೆ ಮಲಗಿದ್ದೋರು ಆಚೆ ಬರೋಕೆ. ಇದಿಲ್ಲ ಅಂದ್ರೆ ಇಲ್ಲಿ ಬೆಡ್‌ರೂಮ್ ಮಾಡೋ ಹಾಗಿಲ್ಲ" ಅಂದರಂತೆ. ಈಗ ಅವರ ಪ್ರಶ್ನೆ ಇಷ್ಟು: ನಾವೂ ಇಂಥದ್ದೊಂದು ಮಾಡಬಹುದಾ? ಮಾಡಿದರೆ ಅಳತೆ ಏನು? ಮಾಡಿದ ಮೇಲೆ ಅಲ್ಲಿ ಜನರನ್ನು ಮಲಗಿಸಬಹುದಾ?

ನಾನು ಫೋನ್ ಮಾಡಿ ಕೇಳಿದೆ, "ಯಾರು ಮಲಗ್ತಾರೆ ಸಾರ್ ಅಲ್ಲಿ?" "ಫ್ಯಾಕ್ಟ್ರಿ ಹುಡುಗ್ರು ಮೇಡಂ. ಒಂದೊಂದ್ ರೂಮಿಗೆ ಇಬ್ರು ಮೂವರು. ನೈಟ್ ಶಿಫ್ಟ್ ಮುಗಿಸಿ ಬಂದು ಹಗಲೆಲ್ಲ ಮಲಗ್ತಾರೆ."

ಹಗಲೆಲ್ಲ ಮಲಗ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಎಲ್ಲ ಅಳತೆಯೂ ಗಾಢ ನಿದ್ದೆಯಲ್ಲಿರುವ ಆ ಹುಡುಗರಿಗಾಗಿ.

ಮೊದಲು ಪದಗಳ ಗೊಂದಲ ಬಗೆಹರಿಸೋಣ

ನಮ್ಮ ಊರುಗಳಲ್ಲಿ "ಬೇಸ್‌ಮೆಂಟ್ ಹಾಕಿದ್ದೀವಿ" ಅಂದರೆ ಪಾಯದ ಮೇಲೆ ನೆಲಮಟ್ಟದವರೆಗೆ ಕಟ್ಟಿದ್ದೀವಿ ಅಂತ ಅರ್ಥ. ಎಂಜಿನಿಯರ್ ಬಾಯಲ್ಲಿ ಬೇಸ್‌ಮೆಂಟ್ ಅಂದರೆ ನೆಲದೊಳಗೆ ಇಳಿದಿರುವ ಅಂತಸ್ತು. ಹಾಗಾಗಿ ಇವತ್ತು ನಾನು ಸೆಲ್ಲಾರ್ ಅಂತಲೇ ಹೇಳ್ತೀನಿ. ಕಿಟಕಿ ಆಚೆ ತೋಡುವ ಆ ಬಾವಿಗೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ, ಕಿಟಕಿ ಗುಂಡಿ ಅಂತ ಕರೆಯೋಣ.

ನೆಲದೊಳಗಿನ ಜಾಗದ ಅಪಾಯ ನಮ್ಮ ಹಿರಿಯರಿಗೆ ಹೊಸದಲ್ಲ. ರಾಗಿ ತುಂಬಿಡುವ ಹಗೇವು ಇತ್ತಲ್ಲ, ಅದನ್ನು ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ. ಬಾಯಿ ತೆಗೆದು ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಮನುಷ್ಯ ಇಳಿಯೋದು. ಕೆಟ್ಟ ಗಾಳಿ ತಗ್ಗಲ್ಲಿ ನಿಲ್ಲುತ್ತೆ, ನೀರು ತಗ್ಗಿಗೆ ಬರುತ್ತೆ, ಇಳಿದ ದಾರಿ ಒಂದೇ ಇದ್ದರೆ ಹತ್ತೋ ದಾರಿಯೂ ಅದೊಂದೇ. ಸೆಲ್ಲಾರ್‌ಗೆ ಸಂಬಂಧಪಟ್ಟ ಎಲ್ಲ ನಿಯಮಗಳ ಹಿಂದೆ ಇರುವುದು ಈ ಮೂರು ಮಾತು.

ಏನೇನಾಗಬಹುದು?

ಒಂದು, ಬೆಂಕಿ. ಬೆಂಕಿ ಸೆಲ್ಲಾರ್‌ನಲ್ಲೇ ಹತ್ತಬೇಕು ಅಂತಿಲ್ಲ. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡ್ ಇರುತ್ತೆ, ಯುಪಿಎಸ್ ಇರುತ್ತೆ, ಈಗ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್‌ಗೂ ಅಲ್ಲೇ ಹಾಕ್ತಾರೆ. ಅಲ್ಲಿ ಹೊತ್ತಿಕೊಂಡರೆ ಕೆಳಗಿನವರ ಒಂದೇ ದಾರಿ ಮುಚ್ಚಿತು. ಅವರು ಬೆಂಕಿಯನ್ನು ಹಾದು ಮೇಲೆ ಬರಬೇಕು. ಹೊಗೆಯೂ ಮೇಲಕ್ಕೆ ಹೋಗೋದು ಅದೇ ಮೆಟ್ಟಿಲಲ್ಲಿ. ಅಂದರೆ ಮೆಟ್ಟಿಲು ಆ ಹೊತ್ತಿಗೆ ಚಿಮಣಿ ಆಗಿರುತ್ತೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನ ಸತ್ತರು. ಅದು ಸೆಲ್ಲಾರ್ ಅಲ್ಲ, ಬಹುಮಹಡಿ ಕಟ್ಟಡ. ಆದರೆ ಹೊಗೆ ತುಂಬಿದ ಮೇಲೆ ಇನ್ನೊಂದು ದಾರಿ ಸಿಗದಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯ ಅಂದಿನಿಂದ ನೆನೆಯೋ ಹೆಸರು ಅದು.

ಎರಡು, ನೀರು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಮಳೆ ಬಂದು, ರಸ್ತೆ ನೀರು ಒಂದು ಕೋಚಿಂಗ್ ಸೆಂಟರ್‌ನ ಸೆಲ್ಲಾರ್‌ಗೆ ನುಗ್ಗಿತು. ಅಲ್ಲಿ ಲೈಬ್ರರಿ ನಡೀತಿತ್ತು. ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದ ಮೂವರು ಸತ್ತರು. ಆ ಸೆಲ್ಲಾರ್‌ಗೆ ಅನುಮತಿ ಇದ್ದದ್ದು ವಾಹನ ನಿಲ್ಲಿಸಲು, ಸಾಮಾನು ಇಡಲು. ಓದಲು ಕೂರಿಸಲು ಅಲ್ಲ.

ಇಲ್ಲೊಂದು ಸಣ್ಣ ಲೆಕ್ಕ ಹೇಳ್ತೀನಿ. ಮೂರಡಿ ಅಗಲದ ಬಾಗಿಲಿದೆ ಅಂತಿಟ್ಟುಕೊಳ್ಳಿ. ಆಚೆ ಬದಿ ಒಂದಡಿ ನೀರು ನಿಂತರೆ ಅದು ಬಾಗಿಲನ್ನು ಒತ್ತುವ ಬಲ ಸುಮಾರು 40 ಕೆ.ಜಿ. ತೂಕದಷ್ಟು. ಎರಡಡಿ ನಿಂತರೆ? 80 ಅಲ್ಲ, ಸುಮಾರು 160. ನೀರಿನ ಎತ್ತರ ಎರಡು ಪಟ್ಟಾದರೆ ಒತ್ತುವ ಬಲ ನಾಲ್ಕು ಪಟ್ಟು. ಮೊಣಕಾಲು ದಾಟಿದ ನೀರಿಗೆ ಎದುರಾಗಿ ಬಾಗಿಲು ತಳ್ಳೋದು ಒಬ್ಬರಿಂದ ಆಗಲ್ಲ. "ನೀರು ಬಂದ್ರೆ ಎದ್ದು ಬರ್ತಾರೆ ಬಿಡಿ" ಅನ್ನೋರು ಈ ಲೆಕ್ಕ ನೋಡಬೇಕು.

ಮೂರು, ಗಾಳಿ. ಹುಡುಗರು ಅಡುಗೆಗೆ ಸಣ್ಣ ಸಿಲಿಂಡರ್ ಇಟ್ಕೋತಾರೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮೇಲಿನ ಮನೆಯಲ್ಲಿ ಸೋರಿದರೆ ಕಿಟಕಿ, ಬಾಗಿಲ ಸಂದಿಯಿಂದ ಆಚೆ ಹೋಗಬಹುದು. ಸೆಲ್ಲಾರ್‌ನಲ್ಲಿ ಸೋರಿದರೆ ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತೆ, ಹೋಗೋಕೆ ಅದಕ್ಕಿಂತ ತಗ್ಗು ಇಲ್ಲ. ಅದಕ್ಕೇ ನೆಲಮಾಳಿಗೆಯಲ್ಲಿ ಗ್ಯಾಸ್ ಅಡುಗೆಮನೆ ಕೂಡದು ಅಂತ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತೆ. ಕಿಟಕಿ ಗುಂಡಿ ಎಷ್ಟೇ ಚೆನ್ನಾಗಿದ್ದರೂ ಈ ಅಪಾಯಕ್ಕೆ ಮದ್ದಲ್ಲ.

ನಮ್ಮ ನಿಯಮ ಏನು ಹೇಳುತ್ತೆ?

ಹಿರಿಯರು ಕೇಳಿದ ಮೂರನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಯಾಕಂದರೆ ಅದು ಗೊತ್ತಾದರೆ ಮಿಕ್ಕಿದ್ದು ಸುಲಭ. ಸೆಲ್ಲಾರ್ ಅನ್ನು ಬಾಡಿಗೆ ಮಲಗುವ ಕೋಣೆ ಮಾಡೋದು ನಮ್ಮ ಪದ್ಧತಿಯಲ್ಲಿ ಒಪ್ಪಿತ ಬಳಕೆ ಅಲ್ಲ. ಕಟ್ಟಡ ಉಪವಿಧಿಗಳು ಸೆಲ್ಲಾರ್‌ಗೆ ಕೊಡುವ ಬಳಕೆಯ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತೆ: ವಾಹನ ನಿಲುಗಡೆ, ಬೇಗ ಬೆಂಕಿ ಹತ್ತದ ಸಾಮಾನು, ಯಂತ್ರಗಳು, ಬ್ಯಾಂಕಿನ ಸ್ಟ್ರಾಂಗ್ ರೂಮ್. ಪ್ಲಾನ್‌ನಲ್ಲಿ ಪಾರ್ಕಿಂಗ್ ಅಂತ ತೋರಿಸಿ ಆಮೇಲೆ ಗೋಡೆ ಎಬ್ಬಿಸಿ ರೂಮ್ ಮಾಡೋದು ಎಲ್ಲ ಊರಲ್ಲೂ ನಡೀತಿದೆ. ದೆಹಲಿಯಲ್ಲಿ ನಡೆದದ್ದೂ ಅದೇ ಜಾತಿಯ ತಪ್ಪು.

ರಾಷ್ಟ್ರೀಯ ಕಟ್ಟಡ ಸಂಹಿತೆ, ಅಂದರೆ ಎನ್‌ಬಿಸಿ, 2016ರದ್ದು. ಇದು ತಾನಾಗಿಯೇ ಕಾನೂನಲ್ಲ. ರಾಜ್ಯಗಳು, ಸ್ಥಳೀಯ ಸಂಸ್ಥೆಗಳು ತಮ್ಮ ಉಪವಿಧಿಗೆ ಸೇರಿಸಿಕೊಂಡಷ್ಟು ಮಟ್ಟಿಗೆ ಕಡ್ಡಾಯ. ಆದರೆ ಎಂಜಿನಿಯರ್‌ಗಳಿಗೆ ಆಧಾರ ಅದೇ. ಸೆಲ್ಲಾರ್ ಬಗ್ಗೆ ಅದು ಹೇಳುವ ಮುಖ್ಯ ಮಾತುಗಳು:

ನೆಲದಿಂದ ಸೂರಿನವರೆಗೆ ಎಲ್ಲ ಕಡೆ ಕನಿಷ್ಠ 2.5 ಮೀಟರ್, ಅಂದರೆ 8 ಅಡಿ 2 ಇಂಚು ಎತ್ತರ ಇರಬೇಕು. ಸೆಲ್ಲಾರ್‌ನ ಸೂರು ಸುತ್ತಲಿನ ನೆಲಕ್ಕಿಂತ ಕನಿಷ್ಠ 0.9 ಮೀಟರ್, ಹೆಚ್ಚೆಂದರೆ 1.2 ಮೀಟರ್ ಮೇಲಿರಬೇಕು. ಮೂರಡಿಯಿಂದ ನಾಲ್ಕಡಿ ಅಂದ್ಕೊಳ್ಳಿ. ಮಳೆ ನೀರು ಒಳಗೆ ಹರಿಯದ ಹಾಗೆ ವ್ಯವಸ್ಥೆ ಬೇಕು. ಗೋಡೆ, ನೆಲ ನೀರು ಜಿನುಗದ ಹಾಗಿರಬೇಕು. ಗಾಳಿ, ಹೊಗೆ ಹೋಗೋಕೆ ನೆಲದ ವಿಸ್ತೀರ್ಣದ ಶೇ 2.5ರಷ್ಟು ತೆರಪು ಸುತ್ತಲೂ ಹಂಚಿರಬೇಕು. 600 ಚದರಡಿ ಸೆಲ್ಲಾರ್‌ಗೆ 15 ಚದರಡಿ ತೆರಪು. ಅದೂ ಒಂದೇ ಮೂಲೆಯಲ್ಲಿ ಅಲ್ಲ, ಸುತ್ತಲೂ.

ಗಮನಿಸಿ, ಇಲ್ಲಿ ತೆರಪು ಅಂದಿದ್ದು ಗಾಳಿಗೆ, ಹೊಗೆಗೆ. ಮನುಷ್ಯ ತೂರಿ ಬರೋಕೆ ಇಷ್ಟು ಅಳತೆ ಅಂತ ಹೇಳಿರೋದು ಅಮೆರಿಕದ ವಸತಿ ಸಂಹಿತೆ, ಐಆರ್‌ಸಿ. ಅಲ್ಲಿ ನೆಲಮಾಳಿಗೆಯಲ್ಲಿ ಜನ ಮಲಗೋದು ಮಾಮೂಲು. ಹಾಗಾಗಿ ಅಳತೆಯನ್ನು ಇಂಚಿಂಚಾಗಿ ಬರೆದಿಟ್ಟಿದ್ದಾರೆ. ಕಾಯ್ದೆ ಅವರದ್ದಾದರೂ ಮನುಷ್ಯನ ಭುಜದ ಅಗಲ ಎಲ್ಲ ಕಡೆ ಒಂದೇ. ಅದರಿಂದ ಕಲಿಯೋಣ.

ಕಿಟಕಿ: ಚೌಕಟ್ಟಿನ ಅಳತೆ ಅಲ್ಲ, ತೆರೆದಾಗ ಸಿಗುವ ಜಾಗ

ಐಆರ್‌ಸಿ ಪ್ರಕಾರ ಪಾರಾಗುವ ಕಿಟಕಿ ಪೂರ್ತಿ ತೆರೆದಾಗ ಸಿಗುವ ಖಾಲಿ ಜಾಗ ಕನಿಷ್ಠ 5.7 ಚದರಡಿ ಇರಬೇಕು. ಹೊರಗಿನ ನೆಲಮಟ್ಟಕ್ಕೆ ಹತ್ತಿರವಿರುವ ಕಿಟಕಿಗೆ 5 ಚದರಡಿ ಸಾಕು ಅಂತ ರಿಯಾಯಿತಿ ಇದೆ, ನಾವು ದೊಡ್ಡದನ್ನೇ ಹಿಡಿಯೋಣ. ಎತ್ತರ 24 ಇಂಚಿಗೆ, ಅಗಲ 20 ಇಂಚಿಗೆ ಕಡಿಮೆ ಇರಬಾರದು. ಕಿಟಕಿಯ ಕೆಳ ಅಂಚು ಒಳ ನೆಲದಿಂದ 44 ಇಂಚಿಗಿಂತ, ಅಂದರೆ 3 ಅಡಿ 8 ಇಂಚಿಗಿಂತ ಮೇಲಿರಬಾರದು.

ಇಲ್ಲೇ ತುಂಬಾ ಜನ ಎಡವೋದು. 24ಕ್ಕೆ 20 ಇಟ್ಟರೆ ಆಯ್ತಲ್ಲ ಅಂತಾರೆ. ಗುಣಿಸಿ ನೋಡಿ: 480 ಚದರ ಇಂಚು, ಅಂದರೆ 3.3 ಚದರಡಿ. ಸಾಲದು. 20 ಇಂಚು ಅಗಲ ಅಂದರೆ ಎತ್ತರ 41 ಇಂಚು ಮೇಲೆ ಬೇಕು. 24 ಇಂಚು ಎತ್ತರ ಅಂದರೆ ಅಗಲ 34 ಇಂಚು ಮೇಲೆ ಬೇಕು. ಮೂರೂ ಷರತ್ತು ಒಟ್ಟಿಗೆ ಪಾಸಾಗಬೇಕು.

ಇನ್ನೊಂದು, ಸ್ಲೈಡಿಂಗ್ ಕಿಟಕಿ. ನಾಲ್ಕಡಿ ಅಗಲ, ಮೂರಡಿ ಎತ್ತರದ ಯುಪಿವಿಸಿ ಸ್ಲೈಡಿಂಗ್ ಹಾಕಿಸ್ತೀರಿ ಅಂದ್ಕೊಳ್ಳಿ. ಬಿಲ್‌ನಲ್ಲಿ 12 ಚದರಡಿ. ಆದರೆ ಸ್ಲೈಡಿಂಗ್ ತೆರೆಯೋದು ಅರ್ಧ ಮಾತ್ರ. ಫ್ರೇಮು ಕಳೆದರೆ ಸುಮಾರು 22 ಇಂಚು ಅಗಲ, 33 ಇಂಚು ಎತ್ತರ ಉಳಿಯುತ್ತೆ. ಅಂದರೆ 5 ಚದರಡಿ. 12 ಚದರಡಿ ಕಿಟಕಿ ಪರೀಕ್ಷೆಯಲ್ಲಿ ಫೇಲು. ಬದಲಿಗೆ ಕೀಲು ಹಾಕಿದ, ಪೂರ್ತಿ ತೆರೆಯುವ ಕಿಟಕಿಯಲ್ಲಿ 30 ಇಂಚು ಅಗಲ, 36 ಇಂಚು ಎತ್ತರದ ಖಾಲಿ ಜಾಗ ಸಿಕ್ಕರೆ 7.5 ಚದರಡಿ. ಭೇಷಾಗಿ ಸಾಕು.

ಮೂರನೆಯದು ನಮ್ಮದೇ ಕಾಯಿಲೆ, ಗ್ರಿಲ್. ಕಳ್ಳರ ಭಯಕ್ಕೆ ಎಲ್ಲ ಕಿಟಕಿಗೂ ಕಬ್ಬಿಣದ ಗ್ರಿಲ್ ಬಿಗಿದಿರ್ತೀವಿ. ಗ್ರಿಲ್ ಬಿಗಿದ ಕಿಟಕಿಯಿಂದ ಗಾಳಿ ಬರುತ್ತೆ, ಮನುಷ್ಯ ಬರಲ್ಲ. ಐಆರ್‌ಸಿ ಗ್ರಿಲ್ ಬೇಡ ಅನ್ನಲ್ಲ. ಆದರೆ ಒಳಗಿನಿಂದ ಬೀಗದ ಕೈ ಇಲ್ಲದೆ, ಸಲಕರಣೆ ಇಲ್ಲದೆ, ಯಾರೂ ಹೇಳಿಕೊಡದೆ ತೆರೆಯುವಂತಿರಬೇಕು ಅನ್ನುತ್ತೆ. ವೆಲ್ಡಿಂಗ್ ಶಾಪಿನವರಿಗೆ ಹೇಳಿ: ಗ್ರಿಲ್‌ಗೆ ಕೀಲು ಹಾಕಿ, ಒಳಗಡೆ ಚಿಲಕ ಕೊಡಿ, ಆಚೆಯಿಂದ ಕೈ ತೂರಿಸಿದರೆ ಚಿಲಕ ಸಿಗದ ಹಾಗೆ ತಗಡು ಮರೆ ಮಾಡಿ. ಬೀಗ ಮಾತ್ರ ಬೇಡ. ಬೀಗ ಹಾಕಿ ಕೀಲಿಯನ್ನು ಮೊಳೆಗೆ ನೇತುಹಾಕೋದೂ ಬೇಡ. ಹೊಗೆಯಲ್ಲಿ ಮೊಳೆ ಕಾಣಲ್ಲ.

ಗುಂಡಿ: ಮೂರಡಿಗೆ ಮೂರಡಿ

ಕಿಟಕಿ ನೆಲಮಟ್ಟಕ್ಕಿಂತ ಕೆಳಗಿದ್ದರೆ ಆಚೆ ಗುಂಡಿ ಬೇಕು. ಐಆರ್‌ಸಿ ಅಳತೆ: ಗುಂಡಿಯ ವಿಸ್ತೀರ್ಣ ಕನಿಷ್ಠ 9 ಚದರಡಿ. ಗೋಡೆಯಿಂದ ಆಚೆಗೂ 36 ಇಂಚು, ಅಗಲವೂ 36 ಇಂಚು. ಕಿಟಕಿ ರೆಕ್ಕೆ ಪೂರ್ತಿ ತೆರೆದುಕೊಳ್ಳೋಕೆ ಗುಂಡಿ ಅಡ್ಡ ಬರಬಾರದು. ಗುಂಡಿಯ ಆಳ 44 ಇಂಚು ಮೀರಿದರೆ ಗೋಡೆಗೆ ಕೂರಿಸಿದ ಏಣಿ ಅಥವಾ ಮೆಟ್ಟಿಲು ಬೇಕು. ಏಣಿಯ ಮೆಟ್ಟಿಲು ಕನಿಷ್ಠ 12 ಇಂಚು ಅಗಲ, ಗೋಡೆಯಿಂದ ಕನಿಷ್ಠ 3 ಇಂಚು ಆಚೆ, ಇಲ್ಲದಿದ್ದರೆ ಕಾಲ್ಬೆರಳು ಕೂರಲ್ಲ. ಮೆಟ್ಟಿಲಿಂದ ಮೆಟ್ಟಿಲಿಗೆ 18 ಇಂಚು ಮೀರಬಾರದು. ಏಣಿ ಗುಂಡಿಯ ಜಾಗವನ್ನು 6 ಇಂಚಿನವರೆಗೆ ತಿನ್ನಬಹುದು, ಅದಕ್ಕಿಂತ ಹೆಚ್ಚಲ್ಲ.

ಈಗ ಇದನ್ನು ನಮ್ಮ ಎನ್‌ಬಿಸಿ ಜೊತೆ ಕೂಡಿಸಿ ನೋಡಿ, ಒಂದು ಒಳ್ಳೆ ಸುದ್ದಿ ಸಿಗುತ್ತೆ. ಸೆಲ್ಲಾರ್ ಎತ್ತರ 2.5 ಮೀಟರ್, ಸೂರು ನೆಲದಿಂದ 1.2 ಮೀಟರ್ ಮೇಲೆ. ಹಾಗಾದರೆ ಒಳ ನೆಲ ಹೊರಗಿನ ನೆಲಕ್ಕಿಂತ 1.3 ಮೀಟರ್ ಮಾತ್ರ ಕೆಳಗೆ. ಕಿಟಕಿ ಅಂಚು ಒಳ ನೆಲದಿಂದ 44 ಇಂಚು ಮೇಲಿಟ್ಟರೆ, ಅದು ಹೊರಗಿನ ನೆಲಕ್ಕಿಂತ ಬರೀ 7 ಇಂಚು ಕೆಳಗೆ ಬರುತ್ತೆ! ಸೂರು 0.9 ಮೀಟರ್ ಮೇಲಿದ್ದರೆ 19 ಇಂಚು ಕೆಳಗೆ. ಅಂಚಿನಿಂದ ಇನ್ನೊಂದು 6 ಇಂಚು ಕೆಳಗೆ ಗುಂಡಿಯ ತಳ ಇಟ್ಟರೂ ಆಳ ಎರಡಡಿ ಆಸುಪಾಸು. ಏಣಿ ಬೇಕಿಲ್ಲ, ಕಾಲೆತ್ತಿ ಇಟ್ಟರೆ ಆಚೆ.

ಅದೇ ಸೆಲ್ಲಾರ್ ಅನ್ನು ಸೂರಿನವರೆಗೂ ಹೂತರೆ? ಕಿಟಕಿ ಅಂಚು ನಾಲ್ಕೂವರೆ ಅಡಿ ಕೆಳಗೆ, ಗುಂಡಿ ಐದಡಿ, ಏಣಿ, ದೊಡ್ಡ ಚರಂಡಿ, ದುಪ್ಪಟ್ಟು ಖರ್ಚು. ಹಾಗಾಗಿ ಮೇಸ್ತ್ರಿ ಪಾಯದ ಗುಂಡಿ ತೆಗೆಯೋ ಮುಂಚೆ ಕೇಳಬೇಕಾದ ಪ್ರಶ್ನೆ "ಎಷ್ಟು ಆಳ ಹೋಗೋಣ" ಅಂತಲ್ಲ, "ಎಷ್ಟು ಮೇಲೆ ಉಳಿಸೋಣ" ಅಂತ.

ತೋಡೋವಾಗಲೂ ಎಚ್ಚರ. ಅಗೆತದ ಸುರಕ್ಷತೆಗೆ ಭಾರತೀಯ ಮಾನಕ ಐಎಸ್ 3764 ಇದೆ. ಒಂದೂವರೆ ಮೀಟರ್, ಅಂದರೆ ಐದಡಿ ದಾಟಿದ ಕಾಲುವೆ ತೋಡಿಗೆ ಪಕ್ಕದ ಮಣ್ಣು ಕುಸಿಯದಂತೆ ಹಲಗೆ, ಆಸರೆ ಕೊಡಬೇಕು. ತೆಗೆದ ಮಣ್ಣನ್ನು ಅಂಚಲ್ಲೇ ಗುಡ್ಡೆ ಹಾಕಬೇಡಿ. ಇನ್ನು ಈಗಾಗಲೇ ಕಟ್ಟಿರುವ ಸೆಲ್ಲಾರ್ ಗೋಡೆ ಒಡೆದು ಕಿಟಕಿ ಇಡೋದಾದರೆ ಆ ಗೋಡೆ ಹೊರುತ್ತಿರುವ ಭಾರ ಎಷ್ಟು, ಲಿಂಟಲ್ ಎಷ್ಟು ಬೇಕು ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಮೇಸ್ತ್ರಿ ಅನುಭವ ದೊಡ್ಡದೇ, ಆದರೆ ಮಣ್ಣು ಒತ್ತುತ್ತಿರುವ ಗೋಡೆ ಬೇರೆ ಗೋಡೆ ಥರ ಅಲ್ಲ.

ನೀರು: ಗುಂಡಿಯೇ ತೊಟ್ಟಿ ಆಗಬಾರದು

ಗುಂಡಿ ತೋಡಿ ನೀರಿಗೆ ದಾರಿ ಮಾಡದಿದ್ದರೆ ನೀವು ಕಟ್ಟಿದ್ದು ಪಾರಾಗುವ ದಾರಿ ಅಲ್ಲ, ಮಲಗಿದವರ ತಲೆದೆಸೆಗೆ ಒಂದು ನೀರಿನ ತೊಟ್ಟಿ. ಆಗ ಬಾಗಿಲಿಗೆ ಹೇಳಿದ ಲೆಕ್ಕ ಕಿಟಕಿ ಗಾಜಿಗೂ ಬರುತ್ತೆ.

ನೇರ ಬೀಳೋ ಮಳೆ ಅಷ್ಟು ದೊಡ್ಡ ಸಮಸ್ಯೆ ಅಲ್ಲ. 9 ಚದರಡಿ ಗುಂಡಿಗೆ ಒಂದಿಂಚು ಮಳೆ ಬಿದ್ದರೆ ಸುಮಾರು 21 ಲೀಟರ್, ಒಂದು ಬಿಂದಿಗೆ ಚಿಲ್ಲರೆ. ಆದರೆ ಸಾವಿರ ಚದರಡಿ ತಾರಸಿ ಮೇಲೆ ಅದೇ ಒಂದಿಂಚು ಮಳೆ ಅಂದರೆ ಸುಮಾರು 2,300 ಲೀಟರ್. ತಾರಸಿ ಪೈಪು ಗುಂಡಿ ಪಕ್ಕ ಬಿಟ್ಟರೆ ಮುಗೀತು. ಆದ್ದರಿಂದ ಮೊದಲ ಕೆಲಸ, ತಾರಸಿ ನೀರು ಗುಂಡಿಯಿಂದ ದೂರ ಹೋಗಲಿ. ಎರಡನೆಯದು, ಅಂಗಳದ ಇಳಿಜಾರು ಮನೆಯಿಂದ ಆಚೆಗಿರಲಿ. ಮೂರನೆಯದು, ಗುಂಡಿ ಸುತ್ತ ಆರೇಳು ಇಂಚಿನ ಕಟ್ಟೆ. ಹರಿಯೋ ನೀರು ಒಳಗೆ ನುಗ್ಗಲ್ಲ, ಹತ್ತೋರಿಗೂ ಅಡ್ಡಿ ಆಗಲ್ಲ.

ತಳದಲ್ಲಿ ಜಲ್ಲಿ, ಅದರ ಕೆಳಗೆ ಪೈಪು, ಪೈಪು ಪಾಯದ ಚರಂಡಿಗೆ ಅಥವಾ ತಗ್ಗಿನ ಕಡೆಗೆ. ನಮ್ಮ ಕಡೆ ಮೇಲೆ ಕೆಂಪು ಮಣ್ಣು, ಕೆಳಗೆ ಗಟ್ಟಿ ಬಂಡೆ. ಜಲ್ಲಿ ಹಾಕಿದರೆ ನೀರು ಇಂಗುತ್ತೆ ಅಂತ ನಂಬಬೇಡಿ. ಅಲ್ಲೇ ಒಂದಡಿ ಗುಂಡಿ ತೋಡಿ, ನೀರು ತುಂಬಿ, ಮಾರನೇ ದಿನ ನೋಡಿ. ನೀರು ಹಾಗೇ ನಿಂತಿದ್ದರೆ ಇಂಗುವ ಭರವಸೆ ಬಿಟ್ಟುಬಿಡಿ, ಹರಿಯುವ ಪೈಪೇ ಬೇಕು. ಪಂಪು ಇಡ್ತೀನಿ ಅಂದರೆ, ಜೋರು ಮಳೆಯಲ್ಲಿ ಮೊದಲು ಹೋಗೋದು ಕರೆಂಟು ಅನ್ನೋದು ನಿಮಗೇ ಗೊತ್ತು. ಇನ್ನು ನೀರು ನಿಂತ ಸೆಲ್ಲಾರ್‌ಗೆ ಪಂಪ್ ಹಿಡಿದು ಇಳಿಯೋದಂತೂ ಬೇಡವೇ ಬೇಡ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಬಿಟಿಎಂ ಲೇಔಟ್ ಹತ್ತಿರದ ಎನ್.ಎಸ್. ಪಾಳ್ಯದಲ್ಲಿ, ಅಪಾರ್ಟ್‌ಮೆಂಟ್ ಸೆಲ್ಲಾರ್‌ನ ನೀರು ಹೊರಹಾಕೋ ಹೊತ್ತಲ್ಲಿ ಕರೆಂಟ್ ಹೊಡೆದು ಇಬ್ಬರು ಸತ್ತರು, ಒಬ್ಬರು ಹಿರಿಯರು, ಇನ್ನೊಬ್ಬ 12 ವರ್ಷದ ಹುಡುಗ.

ಗುಂಡಿ ಮೇಲೆ ಮುಚ್ಚಳ ಬೇಕಾ? ಬೇಕು. ಮಕ್ಕಳು ಬೀಳ್ತಾರೆ, ಹಾವು ಕಪ್ಪೆ ಸೇರ್ಕೊಳ್ತವೆ, ಕಸ ತುಂಬಿ ಪೈಪು ಕಟ್ಟಿಕೊಳ್ಳುತ್ತೆ. ಆದರೆ ಗ್ರಿಲ್‌ನ ನಿಯಮವೇ ಇದಕ್ಕೂ. ಒಳಗಿರುವವರು ಕೈಯಿಂದ ಎತ್ತಿದರೆ ಏಳಬೇಕು. ಅದರ ಮೇಲೆ ಬೈಕ್ ನಿಲ್ಲಿಸೋದು, ಹೂಕುಂಡ ಇಡೋದು, ಸಿಮೆಂಟ್ ಚೀಲ ಇಡೋದು ಕೂಡದು.

ಇನ್ನೊಂದು ಮಾತು ಜನ ಮರೀತಾರೆ. ಗುಂಡಿಯಿಂದ ಹತ್ತಿದವರು ಎಲ್ಲಿಗೆ ಬರ್ತಾರೆ? ಸುತ್ತ ಕಾಂಪೌಂಡ್, ಗೇಟಿಗೆ ಬೀಗ ಅಂದರೆ ಅದು ದಾರಿ ಅಲ್ಲ. ಅಲ್ಲಿಂದ ರಸ್ತೆಗೆ ಮೂರಡಿ ಅಗಲದ ದಾರಿ ಇರಬೇಕು. ಮನೆ ಸುತ್ತ ಬಿಡೋದೇ ಮೂರಡಿ ಆದರೆ ಗುಂಡಿಯೇ ಅಷ್ಟನ್ನೂ ನುಂಗುತ್ತೆ. ಹಾಗಾಗಿ ಗುಂಡಿಯನ್ನು ಪ್ಲಾನ್‌ನಲ್ಲೇ ತೋರಿಸಿ. ಊರ ಸೈಟಾದರೆ ಗ್ರಾಮ ಪಂಚಾಯಿತಿ, ಪಟ್ಟಣದ ಒಳಗಾದರೆ ಗೌರಿಬಿದನೂರು ನಗರಸಭೆ, ಕೈಗಾರಿಕಾ ಬಡಾವಣೆಯ ನಿವೇಶನವಾದರೆ ಕೆಐಎಡಿಬಿ. ಅನುಮತಿ ಕೊಡುವವರ ಮುಂದೆ ಕಾಗದದಲ್ಲಿ ಇರಲಿ.

ಹಾಗಾದರೆ ಆ ಸೈಟಿನಲ್ಲಿ ಏನು ಮಾಡೋದು?

ಹಿರಿಯರಿಗೆ ನಾನು ಇನ್ನೊಂದು ಪ್ರಶ್ನೆ ಕೇಳಿದೆ. "ಮುಂದೆ ರಸ್ತೆ ಎತ್ತರ ಅಂದ್ರಿ. ಹಿಂದೆ ಏನಿದೆ ಸಾರ್?" "ಹಿಂದೆ ನಮ್ಮದೇ ಹೊಲ ಮೇಡಂ. ಇನ್ನೂ ತಗ್ಗು. ಆಮೇಲೆ ಕೆರೆಗೆ ಹೋಗೋ ಕಾಲುವೆ."

ಇಲ್ಲೇ ಉತ್ತರ ಇದೆ. ಮೂರು ಕಡೆ ಮಣ್ಣಿದ್ದು ನಾಲ್ಕನೇ ಕಡೆ ನೆಲ ಸಮ ಇದ್ದರೆ, ಅಲ್ಲಿ ಕಿಟಕಿ ಗುಂಡಿ ಯಾಕೆ? ಬಾಗಿಲೇ ಇಡಬಹುದು. ಮುಂದೆ ರಸ್ತೆಗೆ ಮೆಟ್ಟಿಲು, ಹಿಂದೆ ಹೊಲದ ಕಡೆ ಬಾಗಿಲು, ಕಿಟಕಿ. ಎರಡು ದಾರಿ, ಎದುರುಬದುರು. ಗಾಳಿಯೂ ಆಡುತ್ತೆ. ಆ ಕೆಳ ಅಂತಸ್ತನ್ನು ಸೆಲ್ಲಾರ್ ಅಂತ ಲೆಕ್ಕ ಹಾಕ್ತಾರಾ, ನೆಲಮಹಡಿ ಅಂತ ಹಾಕ್ತಾರಾ ಅನ್ನೋದನ್ನು ಎಂಜಿನಿಯರ್ ಕೈಯಲ್ಲಿ ಅಳತೆ ಮಾಡಿಸಿ, ಬರವಣಿಗೆಯಲ್ಲಿ ಅನುಮತಿ ಪಡೆದ ಮೇಲೇ ಕೋಣೆ ಮಾತು.

ಆದರೆ ಕಾಲುವೆ ಇದೆ ಅಂದರಲ್ಲ. 2021ರ ನವೆಂಬರ್ ಮಳೆಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎಷ್ಟು ಕೆರೆ ಕೋಡಿ ಹರಿದವು ಅಂತ ನೆನಪಿದೆಯಲ್ಲ? ವರ್ಷಗಟ್ಟಲೆ ಒಣಗಿದ್ದ ಕಾಲುವೆಗಳಲ್ಲಿ ಅವತ್ತು ನೀರು ಬಂತು. "ಆವಾಗ ನಿಮ್ಮ ಹೊಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?" ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಹುಣಸೆ ಮರದ ಬುಡದವರೆಗೂ ಬಂದಿತ್ತು ಮೇಡಂ. ಸೈಟಿಗೆ ಹತ್ತಿರಾನೇ" ಅಂದರು.

ಹಾಗಾದರೆ ಆ ಗುರುತಿಗೆ ಅಳತೆ ಹಿಡಿಸಿ, ಅದಕ್ಕಿಂತ ಕನಿಷ್ಠ ಎರಡಡಿ ಮೇಲೆ ಕೆಳ ಅಂತಸ್ತಿನ ನೆಲ ಬರಲಿ. ಅಷ್ಟು ಎತ್ತರಿಸೋಕೆ ಆಗಲ್ಲ ಅಂದರೆ ಕೆಳಗೆ ಬೈಕ್, ಸಾಮಾನು ಮಾತ್ರ. ಕೋಣೆಗಳು ಒಂದು ಮಹಡಿ ಮೇಲೆ ಹೋಗಲಿ. ಎರಡು ರೂಮಿನ ಬಾಡಿಗೆ ಒಂದು ವರ್ಷ ತಡವಾಗಿ ಬರಬಹುದು, ಅಷ್ಟೇ ತಾನೆ.

ಅಮೆರಿಕದಲ್ಲಿರುವ ನಮ್ಮವರಿಗೆ ಎರಡು ಮಾತು

ಬೇಸ್‌ಮೆಂಟ್ ಫಿನಿಶ್ ಮಾಡಿಸಿ, ಊರಿಂದ ಬರೋ ಅಪ್ಪ ಅಮ್ಮನಿಗೆ ಅಲ್ಲಿ ಕೋಣೆ ಮಾಡೋರು ತುಂಬಾ ಜನ ಇದ್ದೀರಿ. ಮೇಲೆ ಹೇಳಿದ ಅಳತೆಗಳು ಮಾದರಿ ಸಂಹಿತೆಯವು. ನಿಮ್ಮ ರಾಜ್ಯ, ನಿಮ್ಮ ಊರು ಅದನ್ನು ತಿದ್ದಿಕೊಂಡಿರಬಹುದು, ಪರ್ಮಿಟ್ ಕೊಡೋ ಕಚೇರಿಯಲ್ಲಿ ಕೇಳಿ. ತೋಡೋ ಮುಂಚೆ 811ಕ್ಕೆ ಕರೆ ಮಾಡಿ, ನೆಲದಡಿಯ ಗ್ಯಾಸ್, ಕರೆಂಟ್ ಲೈನ್ ಗುರುತು ಹಾಕಿಕೊಡ್ತಾರೆ. ಚಳಿಗಾಲದಲ್ಲಿ ಮುಚ್ಚಳದ ಮೇಲಿನ ಹಿಮ ತೆಗೀರಿ. ಇನ್ನೊಂದು, 70 ದಾಟಿದ ತಾಯಿ ಸೀರೆಯಲ್ಲಿ ಆ ಏಣಿ ಹತ್ತಬಲ್ಲರಾ? ಆಗಲ್ಲ ಅಂದರೆ ಸಂಹಿತೆ ಪಾಸಾದರೂ ಆ ಕೋಣೆ ಅವರಿಗೆ ಸರಿಯಲ್ಲ. ಏಣಿ ಬದಲು ಅಗಲ ಮೆಟ್ಟಿಲಿರುವ ಗುಂಡಿ ಮಾಡಿಸಿ, ಇಲ್ಲ ಅವರನ್ನು ಮೇಲೆ ಮಲಗಿಸಿ.

ಇವತ್ತೇ ಮಾಡಬಹುದಾದ ಪರೀಕ್ಷೆ

ಕಟ್ಟೋ ಮುಂಚೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಕಿಟಕಿಯ ಖಾಲಿ ಜಾಗ ಬರೀರಿ, ನೆಲದ ಮೇಲೆ ಮೂರಡಿ ಚೌಕ ಬರೀರಿ. ಮನೆಯಲ್ಲಿ ಅತಿ ದಪ್ಪ ಇರೋರನ್ನ ಮುಂದೆ ನಿಲ್ಲಿಸಿ ನೋಡಿ. ಕಟ್ಟಿದ ಮೇಲೆ ರಾತ್ರಿ ದೀಪ ಆರಿಸಿ, ಒಬ್ಬರೇ ಹಾಸಿಗೆಯಿಂದ ಎದ್ದು, ಚಿಲಕ ತೆಗೆದು, ಗ್ರಿಲ್ ತಳ್ಳಿ, ಮುಚ್ಚಳ ಎತ್ತಿ, ರಸ್ತೆಗೆ ಬಂದು ನಿಲ್ಲಲಿ. ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಿ. ಬಾಡಿಗೆಗೆ ಬಂದ ಹುಡುಗರಿಗೂ ಮೊದಲ ದಿನವೇ ಮಾಡಿ ತೋರಿಸಿ. ತುರ್ತು ಕರೆಗೆ 112 ಅಂತ ಬಾಗಿಲ ಹಿಂದೆ ಬರೆದಿಡಿ.

ನೀವು ಈಗ ಸೆಲ್ಲಾರ್ ಕೋಣೆಯಲ್ಲಿ ಬಾಡಿಗೆಗೆ ಇದ್ದು ಇದನ್ನು ಕೇಳ್ತಿದ್ದರೆ, ಇವತ್ತು ರಾತ್ರಿ ಮಲಗೋ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಮೆಟ್ಟಿಲು ಇಲ್ಲ ಅಂದ್ರೆ ನಾನು ಹೇಗೆ ಆಚೆ ಹೋಗ್ತೀನಿ? ಉತ್ತರ ಇಲ್ಲದಿದ್ದರೆ ನಾಳೆ ಮಾಲೀಕರ ಹತ್ತಿರ ಮಾತಾಡಿ. ಬೇರೆ ಕೋಣೆ ಹುಡುಕೋದು ಕಷ್ಟ ಅಂತ ಗೊತ್ತು, ಆದರೂ ಹುಡುಕಿ.

ಕುಡುಮಲಕುಂಟೆಯ ಹಿರಿಯರು ಫೋನ್ ಇಡೋ ಮುಂಚೆ ಹೇಳಿದ್ದು: "ನಾಳೆ ಮೇಸ್ತ್ರಿ ಬರ್ತಾನೆ ಮೇಡಂ. ಮೊದ್ಲು ಹುಣಸೆ ಮರದ ಹತ್ರ ಟೇಪ್ ಹಿಡಿಸ್ತೀನಿ." ಅದು ಸರಿಯಾದ ಶುರು. ಮುಂದಿನ ವಾರ ಸಿಗೋಣ, ನಮಸ್ಕಾರ.